ಮನೆಯೊಳಗೇ ಕಾದಿರುವ ಭಯ: ಲ್ಯಾಟಿನ್ ಅಮೆರಿಕದ ಭಯಾನಕ ಸಣ್ಣಕಥೆಗಳು

ದೆವ್ವದ ಕಥೆ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದೇನು? ಹಾಳುಬಿದ್ದ ಬಂಗಲೆ, ಊರಾಚೆಯ ಹುಣಸೆಮರ, ಅಮಾವಾಸ್ಯೆಯ ರಾತ್ರಿ, ಬಿಳಿ ಸೀರೆ, ಹಿಂದುಮುಂದಾದ ಪಾದ. ಇವೆಲ್ಲ ನಾವು ಹೋಗದೇ ಇದ್ದರೆ ತಪ್ಪಿಸಿಕೊಳ್ಳಬಹುದಾದ ಭಯಗಳು. ಬಂಗಲೆಗೆ ಕಾಲಿಡದಿದ್ದರಾಯಿತು, ಹುಣಸೆಮರದ ದಾರಿ ಬಿಟ್ಟು ಬೇರೆ ದಾರಿ ಹಿಡಿದರಾಯಿತು.

ಇಲ್ಲಿ ನೀವು ಪರಿಚಯ ಮಾಡಿಕೊಳ್ಳಲಿರುವ ಕಥೆಗಳಲ್ಲಿ ಇಂಥ ಸಾಮಗ್ರಿ ಬಹುಮಟ್ಟಿಗೆ ಇಲ್ಲ. ಒಂದು ಕಥೆಯಲ್ಲಿ ಭಯವಿರುವುದು ಮಲಗುವ ದಿಂಬಿನಲ್ಲಿ. ಇನ್ನೊಂದರಲ್ಲಿ, ಮನೆಯ ನಡುವಿನ ಬಾಗಿಲ ಆಚೆ. ಮತ್ತೊಂದರಲ್ಲಿ, ಗಂಡನೇ ಮನೆಗೆ ಕರೆತಂದ ಅತಿಥಿಯಲ್ಲಿ. ಇನ್ನೂ ಒಂದರಲ್ಲಿ, ಹೆಂಡತಿಯ ಕೊರಳಿಗೆ ಕಟ್ಟಿದ ಹಸಿರು ರಿಬ್ಬನ್ನಿನಲ್ಲಿ. ತಪ್ಪಿಸಿಕೊಂಡು ಹೋಗೋಣವೆಂದರೆ ಹೋಗುವುದೆಲ್ಲಿಗೆ? ಭಯ ಮನೆಯೊಳಗೇ ಇದೆ.

ಸುಮಾರು ನೂರಿಪ್ಪತ್ತು ವರ್ಷಗಳಿಂದ ಲ್ಯಾಟಿನ್ ಅಮೆರಿಕದ ದೇಶಗಳಲ್ಲೂ, ಅಲ್ಲಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಹೋಗಿ ನೆಲೆಸಿದವರ ನಡುವೆಯೂ ಬೆಳೆದುಬಂದಿರುವ ಈ ಕಥೆಗಳು ಓದುಗರನ್ನು ಹೆದರಿಸುವುದು ಮನರಂಜನೆಗಾಗಿ ಮಾತ್ರವಲ್ಲ. ಬಾಯಿಬಿಟ್ಟು ಹೇಳಲಾಗದ ಸಂಗತಿಗಳನ್ನು ಹೇಳಲು ಅವು ಭಯವನ್ನು ಬಳಸಿಕೊಂಡಿವೆ. ಅದು ಹೇಗೆ ಎಂಬುದನ್ನು ಕೆಲವು ಕಥೆಗಳ ಮೂಲಕವೇ ನೋಡೋಣ.

ಹೆಸರಿನ ಅರ್ಥ

ಮೆಕ್ಸಿಕೊದಿಂದ ದಕ್ಷಿಣಕ್ಕೆ ಅರ್ಜೆಂಟೀನಾ, ಚಿಲಿಯ ತುದಿಯವರೆಗೆ, ಜೊತೆಗೆ ಕ್ಯೂಬಾ, ಪೋರ್ಟೊ ರಿಕೊ ಮುಂತಾದ ದ್ವೀಪಗಳನ್ನು ಸೇರಿಸಿ ಲ್ಯಾಟಿನ್ ಅಮೆರಿಕ ಎನ್ನುತ್ತೇವೆ. ಇಲ್ಲಿನ ಹೆಚ್ಚಿನ ದೇಶಗಳ ಭಾಷೆ ಸ್ಪ್ಯಾನಿಷ್, ಬ್ರೆಜಿಲ್‌ನದು ಪೋರ್ಚುಗೀಸ್. ಈ ನಾಡುಗಳ ಮೂಲದವರು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. 2020ರ ಜನಗಣತಿಯಲ್ಲಿ ಅವರ ಸಂಖ್ಯೆ 6 ಕೋಟಿ 21 ಲಕ್ಷ. ಅಂದರೆ ಆ ದೇಶದ ಜನಸಂಖ್ಯೆಯಲ್ಲಿ ಸುಮಾರು ಶೇಕಡಾ 19.

ಇವರಲ್ಲಿ ಪುರುಷನನ್ನು ಲ್ಯಾಟಿನೊ ಎಂದೂ ಸ್ತ್ರೀಯನ್ನು ಲ್ಯಾಟಿನಾ ಎಂದೂ ಕರೆಯುವುದು ರೂಢಿ. ಸ್ಪ್ಯಾನಿಷ್ ಭಾಷೆಯಲ್ಲಿ ನಾಮಪದಗಳಿಗೆಲ್ಲ ಲಿಂಗವುಂಟು. ಗುಂಪಿನಲ್ಲಿ ಒಬ್ಬ ಗಂಡಸಿದ್ದರೂ ಇಡೀ ಗುಂಪು ಪುಲ್ಲಿಂಗವಾಗಿಬಿಡುತ್ತದೆ. ಇದು ಸರಿಯಲ್ಲವೆಂದು ಭಾವಿಸಿದ ಕೆಲವರು ಕೊನೆಯ ಅಕ್ಷರದ ಜಾಗದಲ್ಲಿ 'ಎಕ್ಸ್' ಇಟ್ಟು, ಯಾವ ಲಿಂಗಕ್ಕೂ ಸೇರದ ಲ್ಯಾಟಿನ್‌ಎಕ್ಸ್ ಎಂಬ ಪದವನ್ನು ಬಳಕೆಗೆ ತಂದರು. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೆ ವಿಶ್ವವಿದ್ಯಾಲಯಗಳಲ್ಲೂ ಸಾಹಿತ್ಯದ ಚರ್ಚೆಯಲ್ಲೂ ಈ ಪದ ನಿಮಗೆ ಎದುರಾಗುತ್ತದೆ. ಆದ್ದರಿಂದ ತಿಳಿದಿರುವುದು ಒಳ್ಳೆಯದು.

ಭಯಾನಕ ಮತ್ತು ಬೀಭತ್ಸ

ಕಥೆಗಳಿಗೆ ಹೋಗುವ ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ ಕಾವ್ಯಮೀಮಾಂಸೆ ರಸಗಳನ್ನು ಹೇಳುವಾಗ ಭಯಾನಕ ಬೇರೆ, ಬೀಭತ್ಸ ಬೇರೆ ಎನ್ನುತ್ತದೆ. ಮೊದಲನೆಯದರ ಸ್ಥಾಯಿಭಾವ ಭಯ, ಎರಡನೆಯದರದು ಜುಗುಪ್ಸೆ. ರಕ್ತ, ಕೊಳೆತ ಹೆಣ, ಕತ್ತರಿಸಿದ ಅಂಗ ಇವು ಜುಗುಪ್ಸೆ ಹುಟ್ಟಿಸುತ್ತವೆ. ನೋಡಿದ ಕ್ಷಣ ಮುಖ ತಿರುಗಿಸುತ್ತೇವೆ, ಸ್ವಲ್ಪ ಹೊತ್ತಿನಲ್ಲಿ ಮರೆಯುತ್ತೇವೆ. ಭಯ ಹಾಗಲ್ಲ. ಅದು ಕಾಣದಿರುವುದರಿಂದ, ತಿಳಿಯದಿರುವುದರಿಂದ ಬೆಳೆಯುತ್ತದೆ; ಪುಸ್ತಕ ಮುಚ್ಚಿದ ಮೇಲೂ ಉಳಿಯುತ್ತದೆ. ನಾವು ನೋಡಲಿರುವ ಲೇಖಕರು ಬೀಭತ್ಸವನ್ನು ಅಲ್ಲಲ್ಲಿ ಬಳಸಿದರೂ ಅವರ ಗುರಿ ಭಯಾನಕ. ಅನೇಕ ಕಡೆ ಆ ಭಯದ ಅಡಿಯಲ್ಲಿ ಕರುಣೆಯೂ ಇದೆ.

ಇನ್ನೊಂದು ವ್ಯತ್ಯಾಸ. ಲ್ಯಾಟಿನ್ ಅಮೆರಿಕದ ಸಾಹಿತ್ಯ ಎಂದರೆ 1982ರಲ್ಲಿ ನೊಬೆಲ್ ಪಡೆದ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಮತ್ತು ಮಾಂತ್ರಿಕ ವಾಸ್ತವವಾದ ಎಂದು ನೀವು ಓದಿರಬಹುದು. ಮಾಂತ್ರಿಕ ವಾಸ್ತವದಲ್ಲಿ ಅದ್ಭುತ ಸಂಗತಿ ನಡೆದರೂ ಪಾತ್ರಗಳು ಅದನ್ನು ದಿನನಿತ್ಯದ್ದೆಂಬಂತೆ ಒಪ್ಪಿಕೊಳ್ಳುತ್ತವೆ. ಭಯಾನಕ ಕಥೆಯಲ್ಲಿ ಅದೇ ಸಂಗತಿ ದಿನನಿತ್ಯದ ಬದುಕನ್ನು ಒಡೆಯುತ್ತದೆ. ಒಂದೇ ನೆಲದಲ್ಲಿ ಬೆಳೆದ ಎರಡು ಗಿಡಗಳಿವು, ಹಣ್ಣಿನ ರುಚಿ ಬೇರೆ.

ದಿಂಬಿನೊಳಗಿನ ಜೀವಿ

ಈ ಪರಂಪರೆಯ ಹಿರಿಯ ಒರಾಸಿಯೊ ಕಿರೋಗಾ. 1878ರಲ್ಲಿ ಉರುಗ್ವೆಯ ಸಾಲ್ಟೊ ಎಂಬ ಊರಿನಲ್ಲಿ ಹುಟ್ಟಿ, ಬಾಳಿನ ಹೆಚ್ಚು ಭಾಗವನ್ನು ಅರ್ಜೆಂಟೀನಾದಲ್ಲಿ ಕಳೆದು, 1937ರಲ್ಲಿ ತೀರಿಕೊಂಡರು. ಅವರ ಬದುಕಿನಲ್ಲಿ ಸಾವು ಮತ್ತೆ ಮತ್ತೆ ಬಂದುಹೋಯಿತು. ಕೂಸಾಗಿದ್ದಾಗಲೇ ತಂದೆ ಬಂದೂಕಿನ ಆಕಸ್ಮಿಕಕ್ಕೆ ಬಲಿಯಾದರು. 1902ರಲ್ಲಿ ಪಿಸ್ತೂಲು ಪರೀಕ್ಷಿಸುತ್ತಿದ್ದಾಗ ಗುಂಡು ಹಾರಿ ಆಪ್ತ ಗೆಳೆಯ ಸತ್ತುಹೋದ. ಮುಂದೆ ಅವರು ಅರ್ಜೆಂಟೀನಾದ ಈಶಾನ್ಯ ಮೂಲೆಯ ಮಿಸಿಯೋನೆಸ್ ಕಾಡಿಗೆ ಹೋಗಿ ನೆಲೆಸಿದರು. ಹಾವು, ಬಿಸಿಲು, ನೆರೆ, ಜ್ವರ ಇವುಗಳ ನಡುವಿನ ಬದುಕು ಅವರ ಕಥೆಗಳಿಗೆ ಸಾಮಗ್ರಿಯಾಯಿತು. ಒಂದು ಕಥೆಯಲ್ಲಿ ಹಾವು ಕಚ್ಚಿದ ಮನುಷ್ಯ ದೋಣಿಯೇರಿ ಪರಾನಾ ನದಿಯಲ್ಲಿ ಸಹಾಯ ಹುಡುಕಿ ತೇಲುತ್ತಾ ಹೋಗುತ್ತಾನೆ, ಅಷ್ಟೆ. ದೆವ್ವವಿಲ್ಲ, ಭೂತವಿಲ್ಲ. ವಿಷ ಏರುವುದೂ ನದಿ ಹರಿಯುವುದೂ ಸಾಕು.

ಅವರ ಪ್ರಸಿದ್ಧ ಕಥೆ 'ಗರಿಯ ದಿಂಬು' 1907ರಲ್ಲಿ ಬ್ಯೂನಸ್ ಐರಿಸ್‌ನ 'ಕಾರಾಸ್ ಇ ಕಾರೇತಾಸ್' ಎಂಬ ವಾರಪತ್ರಿಕೆಯಲ್ಲಿ ಪ್ರಕಟವಾಯಿತು. 1917ರ ಸಂಕಲನದಲ್ಲಿ ಸೇರಿತು. ಆ ಪತ್ರಿಕೆಯಲ್ಲಿ ಕಥೆಗೆ ಒಂದೇ ಪುಟದ ಜಾಗ, ಸುಮಾರು 1,250 ಪದ. ಅದಕ್ಕಿಂತ ಹೆಚ್ಚು ಬರೆದರೆ ಸಂಪಾದಕರು ಒಪ್ಪುತ್ತಿರಲಿಲ್ಲವೆಂದು ಕಿರೋಗಾ ಮುಂದೆ ನೆನೆದಿದ್ದಾರೆ. ಈ ಕಟ್ಟುಪಾಡು ಅವರಿಗೆ ಕಲಿಸಿದ್ದು ಏನೆಂದರೆ, ಅನಾವಶ್ಯಕವಾದ ಒಂದು ಪದವನ್ನೂ ಇಡಬಾರದು.

ಕಥೆ ಹೀಗಿದೆ. ಹೊಸದಾಗಿ ಮದುವೆಯಾದ ಅಲಿಸಿಯಾ ತಣ್ಣನೆಯ, ಅಮೃತಶಿಲೆಯ ಮನೆಗೆ ಬರುತ್ತಾಳೆ. ಗಂಡ ಹೊರ್ದಾನ್ ಅವಳನ್ನು ಪ್ರೀತಿಸುತ್ತಾನೆ, ಆದರೆ ತೋರಿಸಿಕೊಳ್ಳುವುದಿಲ್ಲ. ಅವಳಿಗೆ ಜ್ವರ ಬರುತ್ತದೆ. ಜ್ವರ ಬಿಟ್ಟರೂ ಚೇತರಿಸಿಕೊಳ್ಳುವುದಿಲ್ಲ. ದಿನದಿನಕ್ಕೆ ರಕ್ತಹೀನಳಾಗುತ್ತಾಳೆ. ವೈದ್ಯರು ಬರುತ್ತಾರೆ, ತಲೆಯಾಡಿಸಿ ಹೋಗುತ್ತಾರೆ. ಅವಳು ತೀರಿಕೊಂಡ ಮೇಲೆ ಹಾಸಿಗೆ ತೆಗೆಯಲು ಬಂದ ಕೆಲಸದವಳು ದಿಂಬಿನ ಮೇಲೆ ಎರಡು ಸಣ್ಣ ಕಲೆಗಳನ್ನು ಕಾಣುತ್ತಾಳೆ. ಎತ್ತಿದರೆ ದಿಂಬು ವಿಪರೀತ ಭಾರ. ಕೊಯ್ದು ನೋಡಿದಾಗ ಗರಿಗಳ ನಡುವೆ ರಕ್ತ ಕುಡಿದು ಊದಿಕೊಂಡ ಒಂದು ಜೀವಿ!

ಇಲ್ಲಿಗೆ ಕಥೆ ಮುಗಿದಿದ್ದರೆ ಅದೊಂದು ಸಾಧಾರಣ ಕಥೆಯಾಗುತ್ತಿತ್ತು. ಕಿರೋಗಾ ಕೊನೆಯಲ್ಲಿ ಒಂದು ಸಣ್ಣ ಪ್ಯಾರಾ ಸೇರಿಸುತ್ತಾರೆ. ವಿಜ್ಞಾನದ ಪಠ್ಯಪುಸ್ತಕದ ಧಾಟಿಯಲ್ಲಿ, ಹಕ್ಕಿಗಳ ಮೇಲೆ ಬದುಕುವ ಇಂಥ ಪರೋಪಜೀವಿಗಳು ಕೆಲವು ಸಂದರ್ಭಗಳಲ್ಲಿ ಬಹು ದೊಡ್ಡದಾಗಿ ಬೆಳೆಯುತ್ತವೆ, ಗರಿಯ ದಿಂಬುಗಳಲ್ಲಿ ಅವು ಸಿಗುವುದು ಅಪರೂಪವೇನಲ್ಲ ಎನ್ನುತ್ತಾರೆ. ವಾಸ್ತವದಲ್ಲಿ ಅಷ್ಟು ದೊಡ್ಡ ಜೀವಿ ಇಲ್ಲ. ಆದರೆ ಆ ಒಣ ಧಾಟಿಯಿಂದಾಗಿ ಭಯ ಅಲಿಸಿಯಾಳ ಕೋಣೆಯಿಂದ ಹೊರಟು ಓದುಗನ ಕೋಣೆಗೆ ಬಂದುಬಿಡುತ್ತದೆ. ಅಂದು ರಾತ್ರಿ ನಿಮ್ಮ ದಿಂಬನ್ನು ಒಮ್ಮೆ ಒತ್ತಿ ನೋಡದೆ ಮಲಗುವುದಿಲ್ಲ.

ಕಿರೋಗಾ 1927ರಲ್ಲಿ ಎಳೆಯ ಕಥೆಗಾರರಿಗಾಗಿ ಹತ್ತು ಸೂತ್ರಗಳನ್ನೂ ಬರೆದರು. ಪೋ, ಮೊಪಾಸಾ, ಕಿಪ್ಲಿಂಗ್, ಚೆಕಾಫ್ ಇಂಥವರನ್ನು ಗುರುಗಳೆಂದು ನಂಬಬೇಕು ಎಂಬುದು ಮೊದಲ ಸೂತ್ರ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಥೆ ಆರಂಭಿಸಬಾರದು ಎಂಬುದು ಅವರ ಇನ್ನೊಂದು ಸೂತ್ರ. 'ಗರಿಯ ದಿಂಬು' ಇದಕ್ಕೆ ಸಾಕ್ಷಿ: ಎರಡನೆಯ ಸಲ ಓದಿದರೆ ಮೊದಲಿನಿಂದಲೇ ಎಲ್ಲವೂ ದಿಂಬಿನ ಕಡೆಗೆ ನಡೆಯುತ್ತಿರುವುದು ಕಾಣುತ್ತದೆ.

ಬಾಗಿಲಿನ ಆಚೆ ಯಾರು?

1946ರಲ್ಲಿ ಬ್ಯೂನಸ್ ಐರಿಸ್‌ನ ಒಂದು ಸಾಹಿತ್ಯ ಪತ್ರಿಕೆಯಲ್ಲಿ ಹೂಲಿಯೊ ಕೊರ್ತಾಸಾರ್ (1914–1984) ಅವರ 'ವಶವಾದ ಮನೆ' ಎಂಬ ಕಥೆ ಬಂತು. ಪತ್ರಿಕೆಯ ಸಂಪಾದಕರು ಹೋರ್ಹೆ ಲೂಯಿಸ್ ಬೋರ್ಹೆಸ್.

ಮಧ್ಯವಯಸ್ಸಿನ ಅಣ್ಣ, ತಂಗಿ ಇಬ್ಬರೇ ಪೂರ್ವಜರ ದೊಡ್ಡ ಮನೆಯಲ್ಲಿದ್ದಾರೆ. ಜಮೀನಿನಿಂದ ಬರುವ ಹಣವಿದೆ, ದುಡಿಯಬೇಕಾಗಿಲ್ಲ. ಬೆಳಿಗ್ಗೆ ಮನೆ ಒರೆಸುತ್ತಾರೆ. ಮಧ್ಯಾಹ್ನ ತಂಗಿ ಇರೇನೆ ಹೆಣಿಗೆ ಹಾಕುತ್ತಾಳೆ, ಅಣ್ಣ ಪುಸ್ತಕ ತಿರುವುತ್ತಾನೆ. ಒಂದು ಸಂಜೆ ಮನೆಯ ಹಿಂಭಾಗದಿಂದ ಸದ್ದು ಕೇಳುತ್ತದೆ. ಕುರ್ಚಿ ಬಿದ್ದಂತೆ, ಪಿಸುಮಾತಿನಂತೆ. ಅಣ್ಣ ಓಡಿಹೋಗಿ ನಡುವಿನ ಓಕ್ ಮರದ ಬಾಗಿಲನ್ನು ಹಾಕಿ ಅಗುಳಿ ಜಡಿಯುತ್ತಾನೆ. ಹಿಂಭಾಗವನ್ನು ಅವರು ಹಿಡಿದುಕೊಂಡರು ಎಂದು ತಂಗಿಗೆ ತಿಳಿಸುತ್ತಾನೆ. ಅವಳು ಯಾರು ಎಂದು ಕೇಳುವುದಿಲ್ಲ! ಹಾಗಾದರೆ ಇನ್ನು ಈ ಕಡೆಯೇ ಇರಬೇಕು ಎಂದುಕೊಂಡು ಮತ್ತೆ ಹೆಣಿಗೆ ಹಿಡಿಯುತ್ತಾಳೆ.

ಕೆಲವು ದಿನ ಕಷ್ಟ. ಅಣ್ಣನ ಪುಸ್ತಕಗಳು ಆಚೆ ಉಳಿದಿವೆ, ತಂಗಿಯ ಚಪ್ಪಲಿಯೂ ಆಚೆ ಇದೆ. ಆಮೇಲೆ ಅಭ್ಯಾಸವಾಗುತ್ತದೆ. ಒರೆಸುವ ಕೆಲಸ ಕಡಿಮೆಯಾಯಿತಲ್ಲ ಎಂದು ಸಮಾಧಾನವೂ ಆಗುತ್ತದೆ. ಇನ್ನೊಂದು ರಾತ್ರಿ ಸದ್ದು ಈ ಕಡೆಗೂ ಬರುತ್ತದೆ. ಉಟ್ಟ ಬಟ್ಟೆಯಲ್ಲಿ ಇಬ್ಬರೂ ಬೀದಿಗಿಳಿಯುತ್ತಾರೆ. ಯಾರಾದರೂ ಬಡಪಾಯಿ ಕಳ್ಳ ಒಳಗೆ ಹೋಗಿ ಸಿಕ್ಕಿಬಿದ್ದಾನು ಎಂದು ಅಣ್ಣ ಬೀಗ ಹಾಕಿ ಬೀಗದಕೈಯನ್ನು ಚರಂಡಿಗೆ ಎಸೆಯುತ್ತಾನೆ.

ಒಳಗೆ ಬಂದವರು ಯಾರು? ಕೊರ್ತಾಸಾರ್ ಹೇಳಲಿಲ್ಲ. ಅದೇ 1946ರಲ್ಲಿ ಹ್ವಾನ್ ಪೆರೋನ್ ಅರ್ಜೆಂಟೀನಾದ ಅಧ್ಯಕ್ಷರಾದರು. ಕಾರ್ಮಿಕ ವರ್ಗ ಬೀದಿಗೆ ಬಂತು. ಹಳೆಯ ಸಿರಿವಂತರು ತಮ್ಮ ಜಾಗ ಕೈತಪ್ಪುತ್ತಿದೆಯೆಂದು ಹೆದರಿದ ಕಥೆಯಿದು ಎಂದು ಹಲವರು ಓದಿದರು. ತನಗೆ ಬಿದ್ದ ಕೆಟ್ಟ ಕನಸಿನಿಂದ ಕಥೆ ಹುಟ್ಟಿತೆಂದು ಕೊರ್ತಾಸಾರ್ ಹೇಳಿದರು. ಎರಡನ್ನೂ ಒಪ್ಪಬಹುದು. ಆದರೆ ನೀವು ಗಮನಿಸಬೇಕಾದದ್ದು ಬೇರೊಂದು. ಈ ಕಥೆಯಲ್ಲಿ ಸದ್ದಿಗಿಂತ ಹೆಚ್ಚು ಭಯ ಹುಟ್ಟಿಸುವುದು ಅಣ್ಣ ತಂಗಿಯರ ಒಪ್ಪಿಗೆ. ಒಂದೊಂದೇ ಕೋಣೆ ಬಿಟ್ಟುಕೊಡುತ್ತಾ, ಇಷ್ಟಾದರೂ ಉಳಿಯಿತಲ್ಲ ಎಂದುಕೊಳ್ಳುವ ಮನಸ್ಸು ಮನುಷ್ಯರಲ್ಲೂ ಇದೆ, ದೇಶಗಳಲ್ಲೂ ಇದೆ.

ಇದರ ಪಕ್ಕದಲ್ಲಿಟ್ಟು ಓದಬೇಕಾದ ಕಥೆ ಮೆಕ್ಸಿಕೊದ ಅಂಪಾರೊ ದಾವಿಲಾ (1928–2020) ಅವರ 'ಅತಿಥಿ'. 1959ರಲ್ಲಿ ಬಂದ ಅವರ ಸಂಕಲನದಲ್ಲಿ ಇದು ಸೇರಿದೆ. ದೂರದ ಊರಿನ ಒಂಟಿ ಮನೆ. ಹೆಂಡತಿ, ಇಬ್ಬರು ಮಕ್ಕಳು, ಕೆಲಸದಾಕೆ ಗ್ವಾದಲೂಪೆ ಮತ್ತು ಅವಳ ಪುಟ್ಟ ಮಗು. ಪ್ರವಾಸದಿಂದ ಮರಳಿದ ಗಂಡ ಒಬ್ಬ ಅತಿಥಿಯನ್ನು ಕರೆತಂದು ಮೂಲೆಯ ಕೋಣೆಯಲ್ಲಿ ಇರಿಸುತ್ತಾನೆ. ಆ ಅತಿಥಿ ಮನುಷ್ಯನೋ ಪ್ರಾಣಿಯೋ ನಮಗೆ ತಿಳಿಯುವುದಿಲ್ಲ. ಹಳದಿ ಬಣ್ಣದ ದೊಡ್ಡ ಕಣ್ಣುಗಳು, ಹಗಲು ನಿದ್ದೆ, ರಾತ್ರಿ ಓಡಾಟ, ಇಷ್ಟೇ ವಿವರ. ಹೆಂಗಸರು ಅದರ ಹೆಸರೆತ್ತುವುದಿಲ್ಲ. ಹೆದರಿಕೆಯಾಗುತ್ತದೆ ಎಂದು ಹೆಂಡತಿ ಹೇಳಿಕೊಂಡರೆ, ಎಲ್ಲ ನಿನ್ನ ಭ್ರಮೆ, ರೂಢಿಯಾಗುತ್ತದೆ ಎಂದು ಗಂಡ ತಳ್ಳಿಹಾಕುತ್ತಾನೆ. ಒಂದು ದಿನ ಅತಿಥಿ ಗ್ವಾದಲೂಪೆಯ ಮಗುವಿನ ಮೇಲೆ ಎರಗುತ್ತದೆ. ಗಂಡ ಊರಿಗೆ ಹೋದ ಸಮಯ ನೋಡಿ, ಯಜಮಾನಿಯೂ ಕೆಲಸದಾಕೆಯೂ ಸೇರಿ ಕೋಣೆಯ ಬಾಗಿಲಿಗೆ ಹಲಗೆ ಬಡಿದು ಮುಚ್ಚಿಬಿಡುತ್ತಾರೆ.

ಕೊರ್ತಾಸಾರರ ಕಥೆಯಲ್ಲಿ ಬಾಗಿಲು ಹಾಕಿದವರು ಮನೆ ಕಳೆದುಕೊಂಡರು. ದಾವಿಲಾ ಅವರ ಕಥೆಯಲ್ಲಿ ಬಾಗಿಲು ಹಾಕಿದವರು ಮನೆ ಉಳಿಸಿಕೊಂಡರು. ಯಾಕೆ ಈ ವ್ಯತ್ಯಾಸ? ಹೆಂಗಸರಿಬ್ಬರಿಗೆ ಬೇರೆ ಹೋಗುವ ಜಾಗವಿರಲಿಲ್ಲ. ತಮ್ಮ ಮಾತನ್ನು ಇನ್ನಾರೂ ನಂಬದಿದ್ದಾಗ ಅವರು ಒಬ್ಬರನ್ನೊಬ್ಬರು ನಂಬಿದರು. ಗಂಡ ಏನು ತಂದು ಮನೆಯಲ್ಲಿಟ್ಟರೂ ಹೆಂಡತಿ ಸಹಿಸಬೇಕೆಂಬ ಕಾಲದಲ್ಲಿ ಬರೆದ ಈ ಕಥೆಯಲ್ಲಿ ಅತಿಥಿಗೆ ರೂಪ ಕೊಡದಿರುವುದೇ ಜಾಣತನ. ಪ್ರತಿಯೊಬ್ಬ ಓದುಗಳೂ ತನಗೆ ತಿಳಿದ ರೂಪವನ್ನು ಅದಕ್ಕೆ ಕೊಟ್ಟುಕೊಳ್ಳಬಹುದು.

ಕಾಣೆಯಾದವರ ನೆರಳು

1976ರ ಮಾರ್ಚ್‌ನಲ್ಲಿ ಅರ್ಜೆಂಟೀನಾದ ಆಡಳಿತವನ್ನು ಸೇನೆ ಕೈಗೆ ತೆಗೆದುಕೊಂಡಿತು. 1983ರವರೆಗೆ ನಡೆದ ಆ ಆಡಳಿತದಲ್ಲಿ ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಪತ್ರಕರ್ತರು ಮುಂತಾದವರನ್ನು ಮನೆಗಳಿಂದ, ಬೀದಿಗಳಿಂದ ಎತ್ತಿಕೊಂಡು ಹೋಗಿ ಗುಪ್ತ ಶಿಬಿರಗಳಲ್ಲಿ ಹಿಂಸಿಸಿ ಕೊಲ್ಲಲಾಯಿತು. ದೇಹಗಳನ್ನು ಹಿಂದಿರುಗಿಸಲಿಲ್ಲ. ಪ್ರಜಾಪ್ರಭುತ್ವ ಮರಳಿದ ಮೇಲೆ ನೇಮಿಸಿದ ಆಯೋಗವು 1984ರಲ್ಲಿ ಸುಮಾರು 9,000 ಜನರ ಪ್ರಕರಣಗಳನ್ನು ದಾಖಲಿಸಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000. ಇವರನ್ನು 'ಕಾಣೆಯಾದವರು' ಎಂದೇ ಕರೆಯುತ್ತಾರೆ. ಇವರ ತಾಯಂದಿರು 1977ರಿಂದ ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು ಅಧ್ಯಕ್ಷರ ಭವನದೆದುರಿನ ಮಾಯೊ ಚೌಕದಲ್ಲಿ ಸುತ್ತು ಹಾಕುತ್ತಾ ಒಂದೇ ಪ್ರಶ್ನೆ ಕೇಳಿದರು: ನಮ್ಮ ಮಕ್ಕಳು ಎಲ್ಲಿ?

ಸತ್ತವರಿಗೆ ಸಂಸ್ಕಾರವುಂಟು, ಬದುಕಿರುವವರಿಗೆ ಮನೆಯುಂಟು. ಕಾಣೆಯಾದವರಿಗೆ ಎರಡೂ ಇಲ್ಲ. ದೆವ್ವ ಎಂಬುದರ ಹಳೆಯ ಅರ್ಥವೂ ಇದೇ ಅಲ್ಲವೇ? ಇತ್ತ ಬದುಕೂ ಇಲ್ಲದ, ಅತ್ತ ಮುಕ್ತಿಯೂ ಇಲ್ಲದ ಸ್ಥಿತಿ. ಈ ದೇಶದಲ್ಲಿ ಭಯಾನಕ ಕಥೆ ಬರೆಯುವವರು ದೆವ್ವವನ್ನು ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಚರಿತ್ರೆಯೇ ಅದನ್ನು ಕೊಟ್ಟಿತ್ತು.

1973ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದ ಮರಿಯಾನಾ ಎನ್ರಿಕೆಸ್ ಆ ಆಡಳಿತದ ಕಾಲದಲ್ಲಿ ಪುಟ್ಟ ಹುಡುಗಿ. ಮುಂದೆ ಪತ್ರಕರ್ತೆಯಾದರು, ಕಥೆಗಾರ್ತಿಯಾದರು. ಅವರ ಒಂದು ಕಥೆಯಲ್ಲಿ ಐವರು ಹದಿಹರೆಯದ ಹುಡುಗಿಯರು ಅಕ್ಷರಗಳ ಹಲಗೆ ಇಟ್ಟುಕೊಂಡು ಸತ್ತವರ ಆತ್ಮದೊಡನೆ ಮಾತಾಡುವ ಆಟ ಆಡುತ್ತಾರೆ. ಅವರಲ್ಲಿ ಒಬ್ಬಳ ತಂದೆತಾಯಿ ಕಾಣೆಯಾದವರು. ಅವಳಿಗೆ ಇದು ಆಟವಲ್ಲ. ಅಪ್ಪ ಅಮ್ಮನ ದೇಹ ಎಲ್ಲಿದೆ ಎಂದು ಕೇಳಬೇಕು. ಉಳಿದವರೂ ತಮಗೆ ತಿಳಿದ ಕಾಣೆಯಾದವರನ್ನು ಒಬ್ಬೊಬ್ಬರಾಗಿ ನೆನೆಯುತ್ತಾರೆ. ಆದರೆ ಒಬ್ಬ ಹುಡುಗಿಯ ಕಡೆಯವರು ಯಾರೂ ಕಾಣೆಯಾಗಿಲ್ಲ. ಅವಳು ಇಲ್ಲಿರಬಾರದೆಂದು ಆತ್ಮ ಹೇಳುತ್ತದೆ. ಮುಂದೆ ಆ ಹುಡುಗಿಗೆ ಏನಾಯಿತೆಂಬುದೇ ಕಥೆಯ ಭಯಾನಕ ಕೊನೆ. ಆತ್ಮ ಬಂತೇ ಇಲ್ಲವೇ ಎಂಬುದಕ್ಕಿಂತ, ಒಂದು ಪೀಳಿಗೆಯ ಮಕ್ಕಳು ಹಿರಿಯರನ್ನು ಕೇಳಲಾಗದ ಪ್ರಶ್ನೆಯನ್ನು ಸತ್ತವರನ್ನು ಕೇಳಬೇಕಾಯಿತಲ್ಲ ಎಂಬುದು ಮನಸ್ಸನ್ನು ಕಲಕುತ್ತದೆ.

ಇನ್ನೊಂದು ಕಥೆ 'ವಸತಿಗೃಹ'. ಸಣ್ಣ ಊರಿನ ಒಂದು ವಸತಿಗೃಹ ಹಿಂದೆ ಸೇನಾಡಳಿತದ ಕಾಲದಲ್ಲಿ ಪೊಲೀಸ್ ಶಾಲೆಯಾಗಿತ್ತು. ಪ್ರವಾಸಿಗರಿಗೆ ಇದನ್ನು ಹೇಳಿದ ಮಾರ್ಗದರ್ಶಕನನ್ನು ಮಾಲೀಕಳು ಕೆಲಸದಿಂದ ತೆಗೆಯುತ್ತಾಳೆ. ಅವನ ಮಗಳು ಸೇಡು ತೀರಿಸಿಕೊಳ್ಳಲು ಗೆಳತಿಯೊಡನೆ ರಾತ್ರಿ ಒಳಹೊಕ್ಕು ಹಾಸಿಗೆಗಳೊಳಗೆ ಮಾಂಸ ತುರುಕುತ್ತಾಳೆ. ಕೊಳೆತು ನಾರಲಿ ಎಂದು. ಆಗ ಹೊರಗೆ ವಾಹನ ಬಂದು ನಿಂತ ಸದ್ದು, ಕಿಟಕಿಯಲ್ಲಿ ದೀಪದ ಬೆಳಕು, ಓಡುವ ಬೂಟುಗಳ ಸದ್ದು, ಬಾಗಿಲು ಬಡಿತ. ಹೊರಗೆ ನೋಡಿದರೆ ಯಾರೂ ಇಲ್ಲ. ಉಳಿದವರಿಗೆ ಏನೂ ಕೇಳಿಸಿಲ್ಲ. ಹುಡುಗಿಯರು ಹುಟ್ಟುವ ಮೊದಲು ನಡೆದದ್ದು ಅವರಿಗೆ ಕೇಳಿಸಿದೆ. ಹಿರಿಯರು ಮುಚ್ಚಿಟ್ಟದ್ದು ಕಿರಿಯರನ್ನು ಹುಡುಕಿಕೊಂಡು ಬರುತ್ತದೆ ಎಂಬುದು ಇದರ ತಾತ್ಪರ್ಯ.

ಎನ್ರಿಕೆಸ್ ಹಳೆಯದನ್ನು ಮಾತ್ರ ಬರೆಯುವುದಿಲ್ಲ. ಬ್ಯೂನಸ್ ಐರಿಸ್‌ನ ಅಂಚಿನಲ್ಲಿ ರಿಯಾಚುಯೆಲೊ ಎಂಬ ನದಿಯಿದೆ. ಚರ್ಮ ಹದಮಾಡುವ ಕೈಗಾರಿಕೆಗಳೂ ಇತರ ಕಾರ್ಖಾನೆಗಳೂ ಅದನ್ನು ಎಷ್ಟು ಕೆಡಿಸಿದವೆಂದರೆ, 2008ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೇ ನದಿಯನ್ನು ಶುದ್ಧಗೊಳಿಸಬೇಕೆಂದು ಆಜ್ಞೆ ಮಾಡಬೇಕಾಯಿತು. ಪೊಲೀಸರು ಬಡ ಹುಡುಗರನ್ನು ಆ ಕಪ್ಪು ನೀರಿಗೆ ತಳ್ಳಿದ ಕಥೆಯೊಂದನ್ನು ಅವರು ಬರೆದಿದ್ದಾರೆ. ಆ ನೀರಿನ ತಳದಲ್ಲಿ ಮಲಗಿರುವುದು ಏನು ಎಂಬ ಪ್ರಶ್ನೆ ಅಲ್ಲಿ ರಾಕ್ಷಸಾಕಾರ ತಾಳುತ್ತದೆ.

ಅದೇ ನಗರದ ಸಮಂತಾ ಶ್ವೆಬ್ಲಿನ್ (ಜನನ 1978) ಇನ್ನೂ ಸಣ್ಣ ದನಿಯಲ್ಲಿ ಹೆದರಿಸುವವರು. ಅವರ 'ಬಾಯಿ ತುಂಬ ಹಕ್ಕಿಗಳು' ಕಥೆಯಲ್ಲಿ, ಹೆಂಡತಿಯಿಂದ ಬೇರೆಯಾದ ತಂದೆಗೆ ಹದಿಹರೆಯದ ಮಗಳು ಜೀವಂತ ಹಕ್ಕಿಗಳನ್ನು ತಿನ್ನುತ್ತಾಳೆಂದು ತಿಳಿಯುತ್ತದೆ. ಮಗಳು ಹಿಂದೆಂದಿಗಿಂತ ಆರೋಗ್ಯವಾಗಿದ್ದಾಳೆ, ಕೆನ್ನೆ ಕೆಂಪೇರಿದೆ. ಈಗ ತಂದೆ ಮಾಡಬೇಕಾದದ್ದೇನು? ಬಿಟ್ಟುಬಿಡಬೇಕೇ, ಹಕ್ಕಿ ತಂದುಕೊಡಬೇಕೇ? ಮಕ್ಕಳು ನಮಗೆ ಅರ್ಥವಾಗದಷ್ಟು ಬೇರೆಯಾದಾಗಲೂ ಅವರನ್ನು ಪ್ರೀತಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಇಷ್ಟು ವಿಚಿತ್ರವಾಗಿ ಕೇಳಿದ ಕಥೆ ಅಪರೂಪ.

ಗಡಿ ದಾಟಿ ಬಂದ ಭಯಗಳು

ಊರು ಬಿಟ್ಟು ಹೋಗುವವರು ಪಾತ್ರೆಪಗಡೆಯ ಜೊತೆಗೆ ತಮ್ಮ ಭಯಗಳನ್ನೂ ಕಟ್ಟಿಕೊಂಡು ಹೋಗುತ್ತಾರೆ. ಮೆಕ್ಸಿಕೊದಿಂದ ಅಮೆರಿಕಕ್ಕೆ ಬಂದ ಕುಟುಂಬಗಳಲ್ಲಿ ಮಕ್ಕಳು 'ಲಾ ಯೊರೋನಾ' ಎಂಬ ಅಳುವ ಹೆಂಗಸಿನ ಕಥೆ ಕೇಳಿಯೇ ಬೆಳೆಯುತ್ತಾರೆ. ತನ್ನ ಮಕ್ಕಳನ್ನು ತಾನೇ ನೀರಿಗೆ ನೂಕಿ, ಅನಂತರ ಹೊಳೆದಂಡೆಯಲ್ಲಿ ಅಳುತ್ತಾ ಅವರನ್ನು ಹುಡುಕುವವಳು ಅವಳು. ಹಟ ಮಾಡುವ ಮಗುವನ್ನು ಹಿಡಿದುಕೊಂಡು ಹೋಗುವ 'ಕುಕುಯ್' ನಮ್ಮ ಗುಮ್ಮನಿಗೆ ಸಮೀಪದವನು. ಎಲ್ಲ ಭಯವೂ ಹಳೆಯದಲ್ಲ. ಮೇಕೆಗಳ ರಕ್ತ ಹೀರುತ್ತದೆ ಎನ್ನಲಾದ 'ಚುಪಾಕಾಬ್ರಾ' ಎಂಬ ಪ್ರಾಣಿಯ ಸುದ್ದಿ ಪೋರ್ಟೊ ರಿಕೊದಲ್ಲಿ ಹಬ್ಬಿದ್ದು 1995ರಲ್ಲಿ.

ಇಂಗ್ಲಿಷಿನಲ್ಲಿ ಬರೆಯುವ ಲ್ಯಾಟಿನ್‌ಎಕ್ಸ್ ಲೇಖಕರು ಈ ಭಂಡಾರವನ್ನು ಬಳಸಿಕೊಂಡಿದ್ದಾರೆ. ಪೋರ್ಟೊ ರಿಕೊದಲ್ಲಿ ಹುಟ್ಟಿ ಶಿಕಾಗೊದಲ್ಲಿ ಬೆಳೆದ ಸಿಂಥಿಯಾ ಪೆಲಾಯೊ, 'ಲೊಟೆರಿಯಾ' ಎಂಬ ಮೆಕ್ಸಿಕನ್ ಆಟದ 54 ಚಿತ್ರದ ಎಲೆಗಳನ್ನು ಆಧಾರವಾಗಿಟ್ಟುಕೊಂಡು ಒಂದು ಸಂಕಲನವನ್ನೇ ರಚಿಸಿದ್ದಾರೆ. ನಮ್ಮಲ್ಲಿ ಆಡುವ ಹೌಸಿಯನ್ನು ಹೋಲುವ ಆಟ ಅದು. ಅಂಕಿಗಳ ಬದಲು ಚಿತ್ರಗಳಿರುತ್ತವೆ. 2022ರಲ್ಲಿ ಯಮಿಲೆ ಸಯೀದ್ ಮೆಂಡೆಸ್ ಮತ್ತು ಅಂಪಾರೊ ಒರ್ಟಿಸ್ ಸಂಪಾದಿಸಿದ, ನಿಮ್ಮ ವಯಸ್ಸಿನ ಓದುಗರಿಗಾಗಿಯೇ ಸಿದ್ಧಪಡಿಸಿದ ಒಂದು ಸಂಕಲನದಲ್ಲಿ ಲ್ಯಾಟಿನ್ ಅಮೆರಿಕದ ದೆವ್ವ ರಾಕ್ಷಸರ 15 ಕಥೆಗಳಿವೆ.

ಇವರಲ್ಲಿ ಹೆಚ್ಚು ಹೆಸರಾದವರು ಕಾರ್ಮೆನ್ ಮರಿಯಾ ಮಚಾಡೊ. 1986ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಇವರ ತಾತ ಕ್ಯೂಬಾದಿಂದ ಬಂದವರು. ಎಂಟು ಕಥೆಗಳ ಅವರ ಮೊದಲ ಸಂಕಲನ 2017ರಲ್ಲಿ ಪ್ರಕಟವಾಗಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಸುತ್ತಿಗೆ ಬಂತು. ಅದರ ಮೊದಲ ಕಥೆಯ ಮೂಲ ಒಂದು ಹಳೆಯ ಮಕ್ಕಳ ಕಥೆ: ಕೊರಳಿಗೆ ರಿಬ್ಬನ್ ಕಟ್ಟಿದ ಹುಡುಗಿ, ಬಿಚ್ಚಬೇಡ ಎಂದರೂ ಬಿಚ್ಚಿದಾಗ ಉರುಳಿದ ತಲೆ. ಅಮೆರಿಕದ ಮಕ್ಕಳು ಬೆಚ್ಚಿ ನಗುವುದಕ್ಕೆಂದು ಓದುವ ಕಥೆ ಅದು.

ಮಚಾಡೊ ಅದನ್ನು ಹೆಂಡತಿಯ ಬಾಯಿಂದ ಹೇಳಿಸುತ್ತಾರೆ. ಅವಳು ಗಂಡನಿಗೆ ಎಲ್ಲವನ್ನೂ ಕೊಡುತ್ತಾಳೆ. ರಿಬ್ಬನ್ ಒಂದನ್ನು ಮಾತ್ರ ಮುಟ್ಟಬೇಡ ಎನ್ನುತ್ತಾಳೆ. ಗಂಡ ಕೆಟ್ಟವನಲ್ಲ, ಆದರೆ ವರ್ಷಗಟ್ಟಲೆ ಕೇಳುತ್ತಲೇ ಇರುತ್ತಾನೆ. ಹೆಂಡತಿಗೆ ಗಂಡನಿಂದ ಗುಟ್ಟು ಏಕೆ ಎಂಬುದು ಅವನ ವಾದ. ಕೊನೆಗೆ ದಣಿದು ಅವಳು ಒಪ್ಪುತ್ತಾಳೆ. ನಡುವೆ ಅವಳು ತನ್ನ ಬಾಲ್ಯದ ಒಂದು ಸಂಗತಿ ಹೇಳುತ್ತಾಳೆ. ಅಂಗಡಿಯ ಆಲೂಗೆಡ್ಡೆಯ ರಾಶಿಯಲ್ಲಿ ಮನುಷ್ಯರ ಕಾಲ್ಬೆರಳು ಕಂಡೆ ಎಂದು ಅವಳು ಹೇಳಿದಾಗ, ಅಪ್ಪ ತರ್ಕಬದ್ಧವಾಗಿ ಒಂದೊಂದೇ ಕಾರಣ ಕೊಟ್ಟು ನೀನು ಕಂಡದ್ದು ಆಲೂಗೆಡ್ಡೆಯೇ ಎಂದು ಒಪ್ಪಿಸಿಬಿಟ್ಟ. ತಾನು ಕಂಡದ್ದನ್ನು ತಾನೇ ನಂಬದಂತೆ ಹುಡುಗಿ ಅಂದೇ ಕಲಿತಳು.

ದಾವಿಲಾ ಅವರ ಹೆಂಡತಿಯನ್ನು ನೆನೆದುಕೊಳ್ಳಿ. ಐವತ್ತಕ್ಕೂ ಹೆಚ್ಚು ವರ್ಷಗಳ ಅಂತರ, ಬೇರೆ ದೇಶ, ಬೇರೆ ಭಾಷೆ. ಆದರೂ ಎರಡು ಕಥೆಗಳ ಭಯ ಒಂದೇ: ಕಂಡದ್ದನ್ನು ಹೇಳಿದರೆ ನಂಬುವವರಿಲ್ಲ. ಮಾಯೊ ಚೌಕದ ತಾಯಂದಿರನ್ನೂ ಆಡಳಿತಗಾರರು ಹುಚ್ಚಿಯರು ಎಂದೇ ಕರೆದಿದ್ದರು. ಕಿರೋಗಾ ಅವರ ಅಲಿಸಿಯಾ ಹಾಸಿಗೆಯಲ್ಲಿ ಕಿರುಚಿದಾಗಲೂ ಅದನ್ನು ಜ್ವರದ ಭ್ರಮೆಯೆಂದೇ ಬಗೆದರು. ಈ ಕಥೆಗಳನ್ನೆಲ್ಲ ಒಟ್ಟಿಗೆ ಹೆಣೆದಿರುವ ದಾರ ಇದು.

ಹೇಗೆ ಓದಬೇಕು?

ಇಂಥ ಕಥೆಯನ್ನು ಎರಡು ಸಲ ಓದಿ. ಮೊದಲ ಸಲ ಹೆದರುವುದಕ್ಕೆ, ಎರಡನೆಯ ಸಲ ನೋಡುವುದಕ್ಕೆ. ಎರಡನೆಯ ಓದಿನಲ್ಲಿ ಮೂರು ಸಂಗತಿಗಳನ್ನು ಗುರುತಿಸಿ. ಕಥೆ ಹೇಳುತ್ತಿರುವವರು ಯಾರು, ಅವರು ಏನನ್ನು ಹೇಳದೆ ಬಿಟ್ಟಿದ್ದಾರೆ? ಭಯ ಮೊದಲು ಕಾಣಿಸಿಕೊಂಡಾಗ ಪಾತ್ರಗಳು ಏನು ಮಾಡಿದವು: ಕೇಳಿದವೇ, ಒಪ್ಪಿಕೊಂಡವೇ, ಎದುರಿಸಿದವೇ? ಕಥೆ ನಡೆಯುವ ಕಾಲದಲ್ಲಿ ಆ ದೇಶದಲ್ಲಿ ಏನು ನಡೆಯುತ್ತಿತ್ತು? ಮೂರನೆಯ ಪ್ರಶ್ನೆಗೆ ಉತ್ತರ ಕಥೆಯಲ್ಲಿ ಇರದೇ ಇರಬಹುದು. ಗ್ರಂಥಾಲಯದ ಚರಿತ್ರೆಯ ಪುಸ್ತಕ ತೆರೆಯಬೇಕು. ಹಾಗೆಂದು ಪ್ರತಿಯೊಂದು ದೆವ್ವವನ್ನೂ ರಾಜಕೀಯದ ಸಂಕೇತವೆಂದು ಬಿಡಿಸಿ ಇಡಲು ಹೋಗಬೇಡಿ. ಕೊರ್ತಾಸಾರ್ ಉತ್ತರ ಕೊಡದೆ ಬಿಟ್ಟದ್ದಕ್ಕೆ ಕಾರಣವಿದೆ. ಒಗಟನ್ನು ಬಿಡಿಸಿದ ಕೂಡಲೇ ಭಯವೂ ಮುಗಿಯುತ್ತದೆ, ಕಥೆಯೂ ಮುಗಿಯುತ್ತದೆ.

ಅನುವಾದವನ್ನೂ ಮರೆಯಬಾರದು. ಎನ್ರಿಕೆಸ್ ಮತ್ತು ಶ್ವೆಬ್ಲಿನ್ ಇಬ್ಬರನ್ನೂ ಇಂಗ್ಲಿಷಿಗೆ ತಂದವರು ಮೆಗನ್ ಮ್ಯಾಕ್‌ಡವೆಲ್. ಅನುವಾದಿತ ಕೃತಿಗಳಿಗೆ ಮೀಸಲಾದ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಶ್ವೆಬ್ಲಿನ್ 2017ರಲ್ಲಿ ಒಂದು ಕಿರುಕಾದಂಬರಿಯೊಂದಿಗೆ, ಎನ್ರಿಕೆಸ್ 2021ರಲ್ಲಿ ಒಂದು ಕಥಾಸಂಕಲನದೊಂದಿಗೆ ಬಂದರು. ಅದೇ ಪ್ರಶಸ್ತಿಯನ್ನು 2025ರಲ್ಲಿ ನಮ್ಮ ಬಾನು ಮುಷ್ತಾಕ್, ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ, ಕನ್ನಡದ 12 ಸಣ್ಣಕಥೆಗಳ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಪಡೆದರು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಬಾನು ಅವರ ಕಥೆಗಳಲ್ಲಿ ದೆವ್ವಗಳಿಲ್ಲ. ಆದರೆ ಮನೆಯೊಳಗೆ ಹೆಣ್ಣಿನ ಮಾತು ಕೇಳುವವರಿಲ್ಲದ ಸ್ಥಿತಿ ಅಲ್ಲೂ ಇದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ನಿಮಗೆ ಹೊಸದೇನಾದರೂ ಹೊಳೆಯಬಹುದು.

ಯೋಚಿಸಿ, ಚರ್ಚಿಸಿ

1. 'ವಶವಾದ ಮನೆ'ಯಲ್ಲಿ ಇರೇನೆ 'ಯಾರು ಬಂದರು?' ಎಂದು ಕೇಳಿದ್ದರೆ ಕಥೆ ಯಾವ ದಾರಿ ಹಿಡಿಯುತ್ತಿತ್ತು?

2. 'ಅತಿಥಿ' ಕಥೆಯನ್ನು ಗಂಡನ ಬಾಯಿಂದ ಹೇಳಿಸಿ, ಒಂದು ಪುಟಕ್ಕೆ ಮೀರದಂತೆ ಬರೆಯಿರಿ. ಈಗ ಭಯ ಎಲ್ಲಿದೆ?

3. 'ಗರಿಯ ದಿಂಬು' ಕಥೆಯ ಕೊನೆಯ ಪ್ಯಾರಾವನ್ನು ತೆಗೆದುಹಾಕಿದರೆ ಏನು ಕಡಿಮೆಯಾಗುತ್ತದೆ? ಇದರಲ್ಲಿ ಭಯಾನಕ ಎಷ್ಟು, ಬೀಭತ್ಸ ಎಷ್ಟು?

4. ನಿಮ್ಮ ಊರಿನಲ್ಲಿ ಹಿರಿಯರು ಹೇಳುವ ಒಂದು ದೆವ್ವದ ಕಥೆಯನ್ನು ಕೇಳಿ ಬರೆದುಕೊಳ್ಳಿ. ಆ ದೆವ್ವ ಬದುಕಿದ್ದಾಗ ಯಾರಾಗಿತ್ತು, ಅದಕ್ಕೆ ಆದ ಅನ್ಯಾಯವೇನು ಎಂದು ವಿಚಾರಿಸಿ. ಹೇಳುವವರು ಎಲ್ಲಿ ಮಾತು ನಿಲ್ಲಿಸುತ್ತಾರೆ ಎಂಬುದನ್ನೂ ಗಮನಿಸಿ.